ಅಳತೆಯ ನಡಿಗೆ

ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಚದರ ಸೆಂಟಿಮೀಟರ್‌ನಷ್ಟು ಪುಟ್ಟ ರಬ್ಬರ್ ತುಂಡು. ಅದನ್ನು ಕೆಳಕ್ಕೆ ಒತ್ತುವ ಪಿಸ್ಟನ್. ಒತ್ತಡವನ್ನು ಬೇಕಾದಷ್ಟಕ್ಕೆ ನಿಲ್ಲಿಸಬಲ್ಲ ಯಂತ್ರ. ಮಲಗಿದವರ ತಲೆ ಎಂಆರ್‌ಐ ಸ್ಕ್ಯಾನರಿನ ಒಳಗೆ. ಅಮೆರಿಕದ ರಿಚರ್ಡ್ ಗ್ರೇಸ್ಲಿ, ಡೇನಿಯಲ್ ಕ್ಲಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದ ಸಲಕರಣೆ ಇಷ್ಟು. ಮೈತುಂಬ ನೋವು ತರುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆಯ 16 ಮಂದಿ ರೋಗಿಗಳು, 16 ಮಂದಿ ಆರೋಗ್ಯವಂತರು. ಎಲ್ಲರ ಹೆಬ್ಬೆರಳನ್ನೂ ಒತ್ತಿ, ಎಷ್ಟು ನೋವಾಯಿತೆಂದು ಕೇಳಿ, ಅದೇ ಹೊತ್ತಿನಲ್ಲಿ ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯಿತೆಂದು ನೋಡಿದರು.

ಒಂದೇ ಒತ್ತಡಕ್ಕೆ ಎರಡು ಬಗೆಯ ಉತ್ತರ ಬಂತು. ಆರೋಗ್ಯವಂತರಿಗೆ ಅಷ್ಟೇನೂ ಅನ್ನಿಸದ ಒತ್ತಡ ರೋಗಿಗಳಿಗೆ ಸಾಕಷ್ಟು ನೋವು ಕೊಟ್ಟಿತು. ಮೆದುಳಿನ ಚಿತ್ರವೂ ಅದನ್ನೇ ಹೇಳಿತು. ನೋವನ್ನು ಗ್ರಹಿಸುವ ಹಲವು ಭಾಗಗಳು ರೋಗಿಗಳಲ್ಲಿ ಚುರುಕಾಗಿದ್ದವು, ಆರೋಗ್ಯವಂತರಲ್ಲಿ ಹೆಚ್ಚಿನವು ಸುಮ್ಮನಿದ್ದವು. ಆರೋಗ್ಯವಂತರ ಬೆರಳಿನ ಮೇಲೆ ಒತ್ತಡವನ್ನು ಬಹಳಷ್ಟು ಏರಿಸಿದ ಮೇಲೆ ಅವರೂ ಅಷ್ಟೇ ನೋವೆಂದರು. ಆಗ ಅವರ ಮೆದುಳಿನಲ್ಲೂ ಹೆಚ್ಚೂಕಡಿಮೆ ಅಂಥವೇ ಭಾಗಗಳು ಎಚ್ಚೆತ್ತವು.

‘ರಿಪೋರ್ಟೆಲ್ಲ ನಾರ್ಮಲ್ ಇದೆ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂಬ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಂಡ ರೋಗಿಗಳಿಗೆ ಈ ಚಿತ್ರಗಳು ಸಾಕ್ಷಿ ಹೇಳಿದವು. ನೋವು ನಿಜ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಹೆಬ್ಬೆರಳಿನಲ್ಲಿ ಗಾಯವಿರಲಿಲ್ಲ, ಊತವಿರಲಿಲ್ಲ. ಬೆರಳಿನಿಂದ ಹೊರಟ ಸುದ್ದಿ ದಾರಿಯಲ್ಲಿ ದೊಡ್ಡದಾಗಿತ್ತು. ಹಾಗಿದ್ದರೆ ಚಿಕಿತ್ಸೆಯೂ ಸುದ್ದಿಯನ್ನು ದೊಡ್ಡದು ಮಾಡುವ ಆ ವ್ಯವಸ್ಥೆಯನ್ನೇ ಮುಟ್ಟಬೇಕು. ನಡಿಗೆ, ನಿದ್ದೆ, ನಿಧಾನದ ಉಸಿರು, ಕೆಲಸದ ಹಂಚಿಕೆ ಇವೆಲ್ಲ ಅದನ್ನು ಮುಟ್ಟುತ್ತವೆ ಎಂಬುದಕ್ಕೆ ಈಗ ಪುರಾವೆ ಇದೆ. ಆದರೆ ಇವನ್ನು ಗುಳಿಗೆಯಷ್ಟೇ ಕಟ್ಟುನಿಟ್ಟಾಗಿ ಅಳೆದು ಕೊಡಬೇಕು. ಗುಳಿಗೆಯಿಲ್ಲದ ಚಿಕಿತ್ಸೆಗೆ ಪ್ರಮಾಣ ಬೇಡ ಎಂದುಕೊಂಡಿದ್ದರಿಂದಲೇ ಎಷ್ಟೋ ರೋಗಿಗಳ ಪಾಲಿಗೆ ಅದು ಕೈಗೆ ಹತ್ತಿಲ್ಲ.

ಎಲೆ ಉದುರಿದರೂ ಬೊಗಳುವ ನಾಯಿ

ಲಂಡನ್ನಿನ ನರರೋಗ ತಜ್ಞ ವಿಲಿಯಂ ಗವರ್ಸ್ 1904ರಲ್ಲಿ ಬೆನ್ನುನೋವಿನ ಬಗ್ಗೆ ಉಪನ್ಯಾಸ ಕೊಡುತ್ತ ‘ಫೈಬ್ರೊಸೈಟಿಸ್’ ಎಂಬ ಹೆಸರು ಬಳಸಿದರು. ಸ್ನಾಯುಗಳ ನಾರಿನಲ್ಲಿ ಉರಿಯೂತವಿದೆ ಎಂಬುದು ಅವರ ಊಹೆ. ಮುಂದೆ ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಂಥ ಉರಿಯೂತ ಸಿಗಲಿಲ್ಲ. 1976ರ ಹೊತ್ತಿಗೆ ಅದರ ಬದಲು ಫೈಬ್ರೊಮಯಾಲ್ಜಿಯಾ ಎಂಬ ಹೆಸರು ಬಂತು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಒಂದು ಪರೀಕ್ಷೆ ಗೊತ್ತುಮಾಡಿತು: ಮೈಮೇಲೆ ಗುರುತಿಸಿದ 18 ಜಾಗಗಳನ್ನು ಸುಮಾರು 4 ಕಿಲೋ ಒತ್ತಡದಲ್ಲಿ ಒತ್ತಿದಾಗ ಕನಿಷ್ಠ 11 ನೋಯಬೇಕು, ಮೈತುಂಬ ನೋವು ಮೂರು ತಿಂಗಳಾದರೂ ಇದ್ದಿರಬೇಕು. 2010ರಲ್ಲಿ ಈ ಒತ್ತುವ ಪರೀಕ್ಷೆಯನ್ನು ಬಿಟ್ಟು, ದಣಿವು, ಎದ್ದರೂ ಹಗುರಾಗದ ನಿದ್ದೆ, ಮರೆವು, ಮಂಕುತನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಬೇರೆ ಬೇರೆ ದೇಶಗಳ ಸಮೀಕ್ಷೆಗಳು ಜನಸಂಖ್ಯೆಯ ಶೇ 2ರಿಂದ 4ರಷ್ಟು ಮಂದಿಗೆ ಈ ತೊಂದರೆ ಇದೆ ಎನ್ನುತ್ತವೆ. ಅವರಲ್ಲಿ ಹೆಂಗಸರೇ ಹೆಚ್ಚು.

ನೋವು ದೊಡ್ಡದಾಗುವುದು ಹೇಗೆ? 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಇಲಿಗಳ ಮೇಲೆ ಪ್ರಯೋಗ ಮಾಡಿ, ಪೆಟ್ಟಾದ ಬಳಿಕ ಬೆನ್ನುಹುರಿಯ ನರಕೋಶಗಳೇ ಅತಿ ಚುರುಕಾಗುತ್ತವೆ ಎಂದು ತೋರಿಸಿದರು. ಆಮೇಲೆ ಸಣ್ಣ ಸ್ಪರ್ಶವೂ ನೋವಾಗಿ ದಾಖಲಾಗುತ್ತದೆ. ಇದರ ಜೊತೆಗೆ ಮೆದುಳಿನಿಂದ ಕೆಳಗಿಳಿದು ಬಂದು ನೋವಿನ ಸುದ್ದಿಯನ್ನು ತಗ್ಗಿಸುವ ನರಮಾರ್ಗಗಳೂ ಇವೆ. ಫೈಬ್ರೊಮಯಾಲ್ಜಿಯಾದಲ್ಲಿ ಏರಿಸುವ ಕೆಲಸ ಜೋರಾಗಿ, ತಗ್ಗಿಸುವ ಕೆಲಸ ಸೋತಿರುತ್ತದೆ. ಇಂಥ ನೋವಿಗೆ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ‘ನೋಸಿಪ್ಲಾಸ್ಟಿಕ್’ ಎಂಬ ಪ್ರತ್ಯೇಕ ವರ್ಗವನ್ನೇ ಮಾಡಿತು. ಎಲ್ಲವೂ ಮೆದುಳು, ಬೆನ್ನುಹುರಿಯೊಳಗೇ ಮುಗಿಯುತ್ತದೆ ಎಂದೂ ಅಲ್ಲ. ಕೆಲವು ರೋಗಿಗಳ ಚರ್ಮದ ಸೂಕ್ಷ್ಮ ನರತುದಿಗಳು ಕಡಿಮೆಯಾಗಿರುವುದು ಕಂಡಿದೆ. ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಇಲಿಗಳೂ ನೋವಿಗೆ ಸೂಕ್ಷ್ಮವಾದವು ಎಂದು 2021ರಲ್ಲಿ ಬ್ರಿಟನ್ ಮತ್ತು ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ.

ಮನೆ ಕಾಯುವ ನಾಯಿಯೊಂದು ಕಳ್ಳನಿಗೆ ಬೊಗಳಬೇಕು. ಒಮ್ಮೆ ಬಹಳ ಹೆದರಿದ ನಾಯಿ ಎಲೆ ಉದುರಿದರೂ ಬೊಗಳುತ್ತದೆ. ಅದರ ಬಾಯಿ ಕಟ್ಟಿದರೆ ಸದ್ದು ನಿಂತೀತು, ಹೆದರಿಕೆ ನಿಲ್ಲದು. ಎಲೆಯ ಸದ್ದು ಎಲೆಯದ್ದೇ ಎಂದು ಅದಕ್ಕೆ ದಿನಾ ಸ್ವಲ್ಪ ಸ್ವಲ್ಪವೇ ರೂಢಿಯಾಗಬೇಕು. ನೋವಿನ ವ್ಯವಸ್ಥೆಯನ್ನು ಪಳಗಿಸುವುದೂ ಹೀಗೆಯೇ.

ಮೊದಲ ಸಾಲಿನ ಮದ್ದು

2007ರಿಂದ 2009ರ ನಡುವೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಫೈಬ್ರೊಮಯಾಲ್ಜಿಯಾಕ್ಕೆಂದು ಪ್ರಿಗ್ಯಾಬಲಿನ್, ಡ್ಯುಲೊಕ್ಸೆಟಿನ್, ಮಿಲ್ನಾಸಿಪ್ರಾನ್ ಎಂಬ ಮೂರು ಔಷಧಗಳಿಗೆ ಒಪ್ಪಿಗೆ ಕೊಟ್ಟಿತು. ಯುರೋಪಿನ ಸಂಸ್ಥೆ ಇವುಗಳಲ್ಲಿ ಒಂದನ್ನೂ ಈ ಕಾಯಿಲೆಗೆಂದು ಒಪ್ಪಲಿಲ್ಲ. ಕೆಲವರಿಗೆ ಇವು ಚೆನ್ನಾಗಿಯೇ ಒಗ್ಗುತ್ತವೆ. ಹಲವರಿಗೆ ಅರೆಬರೆ ಗುಣ ಕಾಣುತ್ತದೆ, ಇನ್ನು ಕೆಲವರು ತಲೆಸುತ್ತು, ಮಂಪರು ತಾಳಲಾರದೆ ಬಿಡುತ್ತಾರೆ. ನಾವು ಅಂಗಡಿಯಲ್ಲಿ ಕೇಳಿ ತರುವ ಸಾಮಾನ್ಯ ನೋವಿನ ಮಾತ್ರೆಗಳಲ್ಲಿ ಹಲವು ಉರಿಯೂತ ತಗ್ಗಿಸಲು ಮಾಡಿದವು. ಉರಿಯೂತವೇ ಇಲ್ಲದ ಕಡೆ ಅವುಗಳಿಗೆ ಕೆಲಸವಿಲ್ಲ.

ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ತನ್ನ ಶಿಫಾರಸುಗಳನ್ನು ಪರಿಷ್ಕರಿಸಿತು. ಅದುವರೆಗಿನ ಪ್ರಯೋಗಗಳನ್ನೆಲ್ಲ ತೂಗಿ ನೋಡಿದ ಮೇಲೆ ಅದು ‘ಪ್ರಬಲ ಶಿಫಾರಸು’ ಎಂಬ ಮುದ್ರೆ ಒತ್ತಿದ್ದು ಒಂದೇ ಒಂದು ಚಿಕಿತ್ಸೆಗೆ. ಆ ಚಿಕಿತ್ಸೆ ವ್ಯಾಯಾಮ. ಯಾವ ಔಷಧಕ್ಕೂ ಆ ಮುದ್ರೆ ಸಿಗಲಿಲ್ಲ. ಕಾಯಿಲೆಯ ಬಗ್ಗೆ ರೋಗಿಗೆ ತಿಳಿಹೇಳುವುದು ಮತ್ತು ಔಷಧೇತರ ಚಿಕಿತ್ಸೆ ಇವುಗಳಿಂದಲೇ ಆರಂಭಿಸಬೇಕು, ಸಾಲದಿದ್ದರೆ ಔಷಧ ಸೇರಿಸಬೇಕು ಎಂದು ಅದು ಹೇಳಿತು. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಹೊರಡಿಸಿದ ದೀರ್ಘಕಾಲದ ನೋವಿನ ಮಾರ್ಗಸೂಚಿಯೂ ಇದೇ ದಿಕ್ಕಿನದು. ಫೈಬ್ರೊಮಯಾಲ್ಜಿಯಾದಂಥ ನೋವಿಗೆ ಪ್ಯಾರಸಿಟಮಾಲ್, ಉರಿಯೂತದ ಮಾತ್ರೆ, ಅಫೀಮಿನ ಮೂಲದ ಔಷಧಗಳನ್ನು ಹೊಸದಾಗಿ ಶುರು ಮಾಡಬೇಡಿ ಎಂದಿತು. ವ್ಯಾಯಾಮ ಮತ್ತು ಮನೋಚಿಕಿತ್ಸೆಯನ್ನು ಮುಂದಿಟ್ಟಿತು.

ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. ಚೀಟಿಯಲ್ಲಿ ನಾಲ್ಕು ಮಾತ್ರೆಗಳ ಹೆಸರು, ಹೊತ್ತು, ಪ್ರಮಾಣ ಎಲ್ಲ ಇರುತ್ತದೆ. ಕೊನೆಗೆ ಬಾಯಿಮಾತಿನಲ್ಲಿ ‘ಸ್ವಲ್ಪ ವಾಕಿಂಗ್ ಮಾಡಿ’ ಎಂಬ ಸಲಹೆ. ಆ ‘ಸ್ವಲ್ಪ’ ಎಷ್ಟು? ಅದನ್ನು ಕಂಡುಹಿಡಿಯಲು ವಿಜ್ಞಾನಕ್ಕೆ ನಲವತ್ತು ವರ್ಷ ಹಿಡಿಯಿತು.

ವ್ಯಾಯಾಮವೇ ನೋಯಿಸಿದಾಗ

ಕತೆ ಆರಂಭವಾಗುವುದು ಟೊರಾಂಟೊದ ಒಂದು ನಿದ್ರಾ ಪ್ರಯೋಗಾಲಯದಲ್ಲಿ. 1975ರಲ್ಲಿ ಹಾರ್ವಿ ಮೊಲ್ಡೊಫ್ಸ್ಕಿ ಮತ್ತು ಸಂಗಡಿಗರು ಫೈಬ್ರೊಸೈಟಿಸ್ ರೋಗಿಗಳ ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿ ಮಲಗಿಸಿದರು. ಗಾಢ ನಿದ್ದೆಯಲ್ಲಿ ಮೆದುಳಿನ ಅಲೆಗಳು ದೊಡ್ಡದಾಗಿ, ನಿಧಾನವಾಗಿ ಏಳುತ್ತವೆ. ಈ ರೋಗಿಗಳಲ್ಲಿ ಆ ನಿಧಾನದ ಅಲೆಗಳ ನಡುವೆ ಎಚ್ಚರದ ವೇಗದ ಅಲೆಗಳು ನುಸುಳಿದ್ದವು. ಅವರು ಮಲಗಿದ್ದರು, ಆದರೆ ಮೆದುಳು ಪೂರ್ತಿ ಮಲಗಿರಲಿಲ್ಲ. ನಂತರ ಆರೋಗ್ಯವಂತ ಯುವಜನರನ್ನು ಕರೆಸಿ, ಅವರಲ್ಲಿ ಗಾಢ ನಿದ್ದೆಯ ಅಲೆ ಮೂಡಿದ ಕೂಡಲೇ ಪೂರ್ತಿ ಎಚ್ಚರವಾಗದ ಹಾಗೆ ಸದ್ದು ಮಾಡಿ ಅದನ್ನು ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಆ ಆರೋಗ್ಯವಂತರಿಗೂ ಮೈಕೈ ನೋವು, ಒತ್ತಿದರೆ ನೋಯುವ ಸ್ನಾಯು, ದಣಿವು ಕಾಣಿಸಿಕೊಂಡವು. ನೆಮ್ಮದಿಯಾಗಿ ಮಲಗಲು ಬಿಟ್ಟ ಮೇಲೆ ಹೋದವು.

ಅಲ್ಲಿ ಇನ್ನೊಂದು ಸುಳಿವೂ ಸಿಕ್ಕಿತು. ಓಟದ ಅಭ್ಯಾಸವಿದ್ದು ಮೈ ಗಟ್ಟಿಯಾಗಿದ್ದವರು ಈ ನಿದ್ದೆಗೇಡನ್ನು ಉಳಿದವರಿಗಿಂತ ಚೆನ್ನಾಗಿ ತಾಳಿಕೊಂಡಿದ್ದರು. ಹಾಗಾದರೆ ರೋಗಿಗಳ ದೇಹವನ್ನೇ ಗಟ್ಟಿಮಾಡಿದರೆ? ಕೆನಡಾದವರೇ ಆದ ಗ್ಲೆನ್ ಮೆಕೇನ್ 1988ರಲ್ಲಿ 42 ರೋಗಿಗಳನ್ನು ಎರಡು ಗುಂಪು ಮಾಡಿ 20 ವಾರ ನೋಡಿದರು. ಒಂದು ಗುಂಪಿಗೆ ಹೃದಯದ ಬಡಿತ ಏರಿಸುವ ಏರೋಬಿಕ್ ವ್ಯಾಯಾಮ, ಇನ್ನೊಂದಕ್ಕೆ ಬರೀ ಮೈಸಡಿಲಿಸುವ ಚಲನೆ. ಮೊದಲ ಗುಂಪಿನವರ ನೋಯುವ ಜಾಗಗಳು ಮುಂಚಿಗಿಂತ ಹೆಚ್ಚು ಒತ್ತಡ ತಾಳಿದವು. ಆಮೇಲೆ ಇಂಥ ಪ್ರಯೋಗಗಳು ಸಾಲುಗಟ್ಟಿದವು. 2017ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಏರೋಬಿಕ್ ವ್ಯಾಯಾಮದ 13 ಪ್ರಯೋಗಗಳನ್ನು, ಒಟ್ಟು 839 ರೋಗಿಗಳ ವಿವರವನ್ನು ಒಟ್ಟುಗೂಡಿಸಿದಾಗ ನೂರು ಅಂಕಗಳ ಮಾಪಕದಲ್ಲಿ ನೋವು ಸರಾಸರಿ 11 ಅಂಕ ಇಳಿದಿತ್ತು. ಕಡಿಮೆಯೆನ್ನಿಸಬಹುದು. ಆದರೆ ಔಷಧಗಳ ಸರಾಸರಿಯೂ ಇದಕ್ಕಿಂತ ಭಾರಿಯೇನಲ್ಲ, ಮೇಲಾಗಿ ಇದರಲ್ಲಿ ಮಂಪರಿಲ್ಲ.

ಇಷ್ಟೆಲ್ಲ ಇದ್ದರೂ ರೋಗಿಯ ಅನುಭವ ಬೇರೆಯದೇ ಹೇಳುತ್ತದೆ: ‘ಡಾಕ್ಟ್ರೇ, ನೀವು ಹೇಳಿದ್ರಿ ಅಂತ ವಾಕಿಂಗ್ ಹೋದೆ, ಮೂರು ದಿನ ಏಳೋಕಾಗ್ಲಿಲ್ಲ.’ ಇದು ನೆಪವಲ್ಲ. ಸ್ವೀಡನ್ನಿನ ಏವಾ ಕೋಸೆಕ್ 1996ರಲ್ಲಿ ಇದಕ್ಕೆ ಕಾರಣ ತೋರಿಸಿದರು. ತೊಡೆಯ ಸ್ನಾಯುವನ್ನು ಸ್ವಲ್ಪ ಹೊತ್ತು ಬಿಗಿಹಿಡಿದಾಗ ಆರೋಗ್ಯವಂತರಲ್ಲಿ ನೋವು ತಾಳುವ ಶಕ್ತಿ ಏರುತ್ತದೆ, ಏಕೆಂದರೆ ಕೆಲಸ ಮಾಡುತ್ತಿರುವ ಸ್ನಾಯುವಿನ ನೋವನ್ನು ದೇಹವೇ ತಗ್ಗಿಸಿಕೊಳ್ಳುತ್ತದೆ. ಫೈಬ್ರೊಮಯಾಲ್ಜಿಯಾ ಇದ್ದವರಲ್ಲಿ ಅದೇ ಬಿಗಿತ ಮುಂದುವರಿದಂತೆ ತಾಳುವ ಶಕ್ತಿ ಇಳಿಯಿತು. ಬೇರೆಯವರಿಗೆ ನೋವು ತಗ್ಗಿಸುವ ಶ್ರಮ ಇವರಿಗೆ, ಮೊದಮೊದಲು, ನೋವು ಹೆಚ್ಚಿಸುತ್ತದೆ. ‘ಎಲ್ಲರೂ ಮಾಡ್ತಾರೆ, ನೀನೂ ಮಾಡು’ ಎನ್ನುವ ಸಲಹೆ ಸೋಲುವುದು ಇಲ್ಲಿಯೇ.

ಹಾಗೆಂದು ಶ್ರಮ ಬೇಡವೇ? ಸ್ವೀಡನ್ನಿನಲ್ಲೇ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. 130 ಹೆಂಗಸರಲ್ಲಿ ಅರ್ಧ ಮಂದಿಗೆ 15 ವಾರ, ವಾರಕ್ಕೆ ಎರಡು ಸಲ, ತೂಕ ಎತ್ತುವ ವ್ಯಾಯಾಮ. ಇನ್ನರ್ಧ ಮಂದಿಗೆ ಮೈಮನ ಸಡಿಲಿಸುವ ಅಭ್ಯಾಸ. ತೂಕ ಎತ್ತುವವರೊಂದಿಗೆ ಫಿಸಿಯೋಥೆರಪಿಸ್ಟ್ ಮೊದಲು ಕೂತು ಮಾತಾಡಿದರು. ಏನು ಮಾಡಿದರೆ ನೋವು ಕೆರಳುತ್ತದೆ, ಯಾವುದಕ್ಕೆ ಹೆದರಿಕೆ ಎಂದು ಕೇಳಿ, ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಮಾಣ ಗೊತ್ತುಮಾಡಿದರು. ಆರಂಭ, ಅವರವರು ಎತ್ತಬಲ್ಲ ಗರಿಷ್ಠ ತೂಕದ ಶೇ 40ರಲ್ಲಿ. ವಾರಗಳು ಕಳೆದಂತೆ, ಅವರು ಒಪ್ಪಿದಾಗ ಮಾತ್ರ ಏರಿಸುತ್ತ ಶೇ 80ರ ವರೆಗೆ. ಕಾಲಿನ ಶಕ್ತಿ ಹೆಚ್ಚಿತು, ನೋವು ಇಳಿಯಿತು, ದಿನದ ಕೆಲಸ ಸುಲಭವಾಯಿತು. ಭಾರ ಎತ್ತಬಾರದೆಂದು ಎಲ್ಲರೂ ಹೇಳಿದ್ದ ಹೆಂಗಸರು ಭಾರ ಎತ್ತಿಯೇ ಚೇತರಿಸಿಕೊಂಡರು. ಶೇ 80ರಿಂದ ಆರಂಭಿಸಿದ್ದರೆ ಅವರಲ್ಲಿ ಬಹಳ ಮಂದಿ ಬೇಗನೆ ಬಿಟ್ಟುಹೋಗುತ್ತಿದ್ದರೇನೋ. ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿದಾಗ ಗಳಿಕೆಯ ಬಹುಪಾಲು ಕರಗಿತ್ತು. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಮತ್ತೆ ಏರುವುದು ನಮಗೆ ಗೊತ್ತು. ಚಲನೆಯೂ ದಿನಚರಿಯಲ್ಲಿ ಉಳಿದರಷ್ಟೇ ಅದರ ಫಲ ಉಳಿಯುತ್ತದೆ.

ಒಳ್ಳೆಯ ದಿನದ ಅಪಾಯ

ಒಬ್ಬ ಗೃಹಿಣಿಯ ವಾರವನ್ನು ಹತ್ತಿರದಿಂದ ನೋಡೋಣ. ನಾಲ್ಕು ದಿನ ಮೈ ಎತ್ತಲಾಗದ ನೋವು. ಐದನೆಯ ದಿನ ಬೆಳಗ್ಗೆ ಯಾಕೋ ಮೈ ಹಗುರ. ಹಬ್ಬ ಹತ್ತಿರದಲ್ಲಿದೆ. ಬಾಕಿ ಉಳಿದ ಬಟ್ಟೆ ಒಗೆದು, ಅಟ್ಟದ ಪಾತ್ರೆ ಇಳಿಸಿ ಬೆಳಗಿ, ಮನೆಯೆಲ್ಲ ಗುಡಿಸಿ ಒರೆಸಿ, ಸಂಜೆಗೆ ಚಕ್ಕುಲಿಗೆ ಹಿಟ್ಟು ಕಲೆಸಿದ್ದಾಯಿತು. ಆರನೆಯ ದಿನದಿಂದ ಮತ್ತೆ ಹಾಸಿಗೆ. ಈ ಸಲ ಐದು ದಿನ. ಹೀಗೆ ತಿಂಗಳುಗಳು ಕಳೆದಾಗ ಒಟ್ಟು ಚಲನೆ ಕಡಿಮೆಯಾಗುತ್ತ, ಸ್ನಾಯು ಸೊರಗುತ್ತ, ಸಣ್ಣ ಕೆಲಸವೂ ದೊಡ್ಡದೆನಿಸುತ್ತದೆ. ‘ಕೆಲಸ ಮಾಡಿದ್ದಕ್ಕೇ ಹೀಗಾಯಿತು’ ಎಂಬ ಹೆದರಿಕೆ ಬಲಿಯುತ್ತದೆ.

ಈ ಏರಿಳಿತವನ್ನು ಸಮ ಮಾಡುವುದೇ ಚಿಕಿತ್ಸೆಯ ಮೊದಲ ಪಾಠ. ಕೆಟ್ಟ ದಿನದಲ್ಲೂ ಸ್ವಲ್ಪ ಚಲನೆ ಇರಬೇಕು. ಒಳ್ಳೆಯ ದಿನದಲ್ಲಿ ಇನ್ನೂ ಮಾಡಬಲ್ಲೆ ಅನ್ನಿಸಿದಾಗಲೇ ನಿಲ್ಲಬೇಕು. ಎರಡನೆಯದು ಕಷ್ಟ. ನೋವಿಲ್ಲದ ಒಂದು ದಿನ ಸಿಕ್ಕಾಗ ಎಲ್ಲ ಮುಗಿಸಿಬಿಡುವ ಆಸೆ ಯಾರಿಗಿಲ್ಲ?

ಅಳತೆ ಕಂಡುಕೊಳ್ಳುವ ರೀತಿ ಇದು. ಒಂದು ವಾರ, ಸಾಧಾರಣ ದಿನಗಳಲ್ಲಿ, ಮರುದಿನ ನೋವು ಕೆರಳದ ಹಾಗೆ ಎಷ್ಟು ನಿಮಿಷ ನಡೆಯಬಲ್ಲಿರಿ ಎಂದು ಬರೆದಿಡಿ. ಎಂಟು ನಿಮಿಷ ಎಂದು ಬಂದರೆ ಆರಕ್ಕೆ ಆರಂಭಿಸಿ. ಮನೆಯಂಗಳವಾದರೂ ಆದೀತು, ಮಹಡಿಯಾದರೂ ಆದೀತು, ಸಮತಟ್ಟಾಗಿದ್ದರೆ ಸಾಕು. ಜೊತೆಗಿದ್ದವರೊಂದಿಗೆ ಏದುಸಿರಿಲ್ಲದೆ ಮಾತಾಡಿಕೊಂಡು ನಡೆಯುವಂಥ ವೇಗ ಸರಿ. ಮೊದಲ ವಾರವೆಲ್ಲ ಆರೇ ನಿಮಿಷ, ಮೈ ಹಗುರವಿದ್ದ ದಿನವೂ ಆರೇ. ಮುಂದಿನ ವಾರ ಏಳು. ವ್ಯಾಯಾಮದ ಮೇಲೆ ತುಸು ನೋವು ಹೆಚ್ಚಿ ಒಂದು ದಿನದೊಳಗೆ ಇಳಿದರೆ ಅದು ಸಹಜ, ಮುಂದುವರಿಯಿರಿ. ಎರಡು ದಿನ ದಾಟಿಯೂ ಉಳಿದರೆ ಪ್ರಮಾಣ ಹೆಚ್ಚಾಗಿದೆ, ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಇಳಿದದ್ದು ಸೋಲೇನಲ್ಲ. ಔಷಧದ ಪ್ರಮಾಣವನ್ನೂ ವೈದ್ಯರು ಹೀಗೆಯೇ ಹೆಚ್ಚು ಕಡಿಮೆ ಮಾಡುತ್ತಾರೆ. ಇಪ್ಪತ್ತು, ಮೂವತ್ತು ನಿಮಿಷ ಮುಟ್ಟಲು ಆರು ತಿಂಗಳಾದರೆ ಆಗಲಿ.

ಇಲ್ಲಿ ಎಚ್ಚರವೊಂದು ಬೇಕು. ಸಣ್ಣ ಶ್ರಮದ ಮರುದಿನವೋ ಮೂರನೆಯ ದಿನವೋ ಪೂರ್ತಿ ಕುಸಿದುಬೀಳುವ, ವಾರಗಟ್ಟಲೆ ಏಳಲಾಗದ ದೀರ್ಘ ದಣಿವಿನ ಕಾಯಿಲೆ ಬೇರೆಯೇ ಇದೆ. ಕೆಲವರಿಗೆ ಎರಡೂ ಇರಬಹುದು. ಅಂಥವರಿಗೆ ನಿಗದಿಯಾಗಿ ಏರಿಸುತ್ತ ಹೋಗುವ ವ್ಯಾಯಾಮ ಹಾನಿ ಮಾಡಬಹುದೆಂದು ನೈಸ್ ಸಂಸ್ಥೆ 2021ರಲ್ಲಿ ಆ ಕಾಯಿಲೆಯ ಮಾರ್ಗಸೂಚಿಯಿಂದ ಅದನ್ನು ತೆಗೆದುಹಾಕಿದೆ. ಥೈರಾಯ್ಡ್ ಕೊರತೆ, ರುಮಟಾಯ್ಡ್ ಸಂಧಿವಾತ, ವಿಟಮಿನ್ ಡಿ ಕೊರತೆಗಳೂ ಮೈನೋವು ತರುತ್ತವೆ. ಇವನ್ನೆಲ್ಲ ವೈದ್ಯರು ಪರೀಕ್ಷಿಸಿ ನೋಡಿದ ಮೇಲೆಯೇ ಈ ದಾರಿ ಹಿಡಿಯಬೇಕು. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬಾರದು.

ನಿದ್ದೆಗೂ ಒಂದು ಕ್ರಮ

ಟೊರಾಂಟೊದ ಪ್ರಯೋಗ ಕಲಿಸಿದ್ದನ್ನು ಚಿಕಿತ್ಸೆಯಾಗಿ ಮಾಡಲು ಮೂವತ್ತು ವರ್ಷ ಬೇಕಾಯಿತು. ಅಮೆರಿಕದ ಜ್ಯಾಕ್ ಎಡಿಂಜರ್ ಮತ್ತು ಸಂಗಡಿಗರು 2005ರಲ್ಲಿ ನಿದ್ದೆಗೆಟ್ಟ 47 ಫೈಬ್ರೊಮಯಾಲ್ಜಿಯಾ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಎರಡನೆಯದಕ್ಕೆ ಸಂಜೆ ಕಾಫಿ ಬಿಡಿ, ಕೋಣೆ ಕತ್ತಲಾಗಿರಲಿ ಎಂಬಂಥ ಸಲಹೆಗಳು. ಮೂರನೆಯದಕ್ಕೆ ಕಟ್ಟುನಿಟ್ಟಾದ ನಿದ್ರಾಕ್ರಮ. ರಾತ್ರಿ ಎಚ್ಚರವಾಗಿ ಕಳೆಯುವ ಹೊತ್ತು ಮೂರನೆಯ ಗುಂಪಿನಲ್ಲಿ ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು. ಬರೀ ಸಲಹೆ ಪಡೆದವರಲ್ಲಿ ಇಳಿದದ್ದು ಶೇ 20ರಷ್ಟು.

ಆ ಕ್ರಮದಲ್ಲಿ ಏನಿತ್ತು? ಎಷ್ಟೇ ಹೊತ್ತಿಗೆ ಮಲಗಿದ್ದರೂ ಬೆಳಗ್ಗೆ ಏಳುವ ಹೊತ್ತು ಒಂದೇ. ನಿದ್ದೆ ಎಳೆಯುವ ತನಕ ಹಾಸಿಗೆ ಹತ್ತುವಂತಿಲ್ಲ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು, ಕಣ್ಣು ಎಳೆದಾಗ ಮರಳಬೇಕು. ಹಗಲು ನಿದ್ದೆ ಇಲ್ಲ. ನಿಜವಾಗಿ ನಿದ್ದೆ ಬರುತ್ತಿರುವುದು ಆರು ಗಂಟೆಯಾದರೆ ಹಾಸಿಗೆಯಲ್ಲಿ ಇರುವ ಹೊತ್ತನ್ನೂ ಅದರ ಹತ್ತಿರಕ್ಕೆ ಇಳಿಸಬೇಕು. ನೋವಿನವರು ಮಾಡುವುದು ಇದಕ್ಕೆ ತದ್ವಿರುದ್ಧ. ನಿದ್ದೆ ಸಾಲದೆಂದು ಎಂಟಕ್ಕೇ ಮಲಗಿ, ಹತ್ತು ಗಂಟೆ ಹೊರಳಾಡಿ, ಚೂರುಚೂರಾದ ಐದು ಗಂಟೆ ನಿದ್ದೆ ಪಡೆಯುತ್ತಾರೆ. ಹಾಸಿಗೆಯ ಹೊತ್ತು ಕಡಿಮೆಯಾದಾಗ ನಿದ್ದೆಯ ಹಸಿವು ಬೆಳೆದು, ಚೂರುಗಳು ಕೂಡಿ ಒಂದೇ ಗಾಢ ನಿದ್ದೆಯಾಗುತ್ತದೆ. ಮೊದಲ ಎರಡು ಮೂರು ವಾರ ಹಗಲು ತೂಕಡಿಕೆ ಬರುತ್ತದೆ. ಹಾಗಾಗಿ ವಾಹನ ಓಡಿಸುವವರು, ಅಪಸ್ಮಾರ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ತೈ ಚಿ, ಯೋಗ, ಬೆಚ್ಚಗಿನ ನೀರು

ಚೀನಾ ಮೂಲದ ತೈ ಚಿಯಲ್ಲಿ ಮೈಯನ್ನು ನಿಧಾನವಾಗಿ, ಎಲ್ಲಿಯೂ ಎಳೆಯದೆ, ಉಸಿರಿಗೆ ಹೊಂದಿಸಿ ಆಡಿಸುತ್ತಾರೆ. ಬಾಸ್ಟನ್ನಿನ ಟಫ್ಟ್ಸ್ ವೈದ್ಯಕೀಯ ಕೇಂದ್ರದ ಚೆನ್‌ಚೆನ್ ವಾಂಗ್ 2010ರಲ್ಲಿ 66 ರೋಗಿಗಳ ಮೇಲೆ, ನಂತರ 2018ರಲ್ಲಿ 226 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಎರಡನೆಯ ಅಧ್ಯಯನದಲ್ಲಿ ಎದುರಾಳಿಯಾಗಿ ನಿಂತದ್ದು ಏರೋಬಿಕ್ ವ್ಯಾಯಾಮವೇ. ತೈ ಚಿ ಅದಕ್ಕೆ ಸಮನಾಗಿ, ಕೆಲವು ಅಳತೆಗಳಲ್ಲಿ ಅದಕ್ಕಿಂತ ಮಿಗಿಲಾಗಿ ನಿಂತಿತು. ಜನ ತಪ್ಪದೆ ಬಂದದ್ದೂ ತೈ ಚಿ ತರಗತಿಗೇ ಹೆಚ್ಚು. ಪ್ರಮಾಣದ ವಿಷಯದಲ್ಲೂ ಒಂದು ತಿಳಿವಳಿಕೆ ಸಿಕ್ಕಿತು. ವಾರಕ್ಕೆ ಒಂದು ತರಗತಿಯೋ ಎರಡೋ ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. 12 ವಾರಕ್ಕಿಂತ 24 ವಾರ ಮಾಡಿದವರಿಗೆ ಹೆಚ್ಚು ಗುಣ ಕಂಡಿತು. ಹೆಚ್ಚು ಹೆಚ್ಚು ಮಾಡುವುದಕ್ಕಿಂತ ಬಹುಕಾಲ ಮಾಡುವುದು ಮುಖ್ಯ.

ಯೋಗ ನಮ್ಮ ಊರೂರಿನಲ್ಲಿದೆ. ಅಮೆರಿಕದ ಒರೆಗಾನ್‌ನಲ್ಲಿ ಜೇಮ್ಸ್ ಕಾರ್ಸನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 53 ಹೆಂಗಸರಿದ್ದರು. ಯೋಗದ ಗುಂಪಿಗೆ ಎಂಟು ವಾರ, ವಾರಕ್ಕೊಮ್ಮೆ ಎರಡು ಗಂಟೆಯ ತರಗತಿ. ಅವರ ನೋವು ಸರಾಸರಿ ಶೇ 24ರಷ್ಟು, ದಣಿವು ಶೇ 30ರಷ್ಟು ಇಳಿಯಿತು. ಆ ಎರಡು ಗಂಟೆಯಲ್ಲಿ ಆಸನಗಳ ಪಾಲು ಒಂದು ಭಾಗ ಮಾತ್ರ, ಅವೂ ಸೌಮ್ಯವಾದವು. ಉಳಿದ ಹೊತ್ತು ಉಸಿರಾಟ, ಧ್ಯಾನ, ನೋವಿನೊಂದಿಗೆ ಬದುಕುವ ಬಗ್ಗೆ ಪಾಠ, ಪರಸ್ಪರ ಮಾತುಕತೆ. ನಮ್ಮ ಬಡಾವಣೆಯ ಬೆಳಗಿನ ತರಗತಿಯಲ್ಲಿ ಹನ್ನೆರಡು ಸೂರ್ಯನಮಸ್ಕಾರ ಮುಗಿಸಿ ಬೆವರೊರೆಸಿಕೊಳ್ಳುವುದು ಆರೋಗ್ಯವಂತರಿಗೆ ಒಳ್ಳೆಯದೇ. ಫೈಬ್ರೊಮಯಾಲ್ಜಿಯಾ ಇರುವವರು ಅಲ್ಲಿಗೆ ಹೋದರೆ ಶಿಕ್ಷಕರಿಗೆ ಮೊದಲೇ ಹೇಳಿ, ಎರಡು ನಮಸ್ಕಾರಕ್ಕೆ ನಿಲ್ಲಿಸಲಿ. ಪಕ್ಕದವರು ಪಾದ ಮುಟ್ಟಿದರೆ ತಾವೂ ಮುಟ್ಟಬೇಕೆಂದಿಲ್ಲ.

ಬೆಚ್ಚಗಿನ ನೀರಿನ ಕೊಳದಲ್ಲಿ ಮಾಡುವ ವ್ಯಾಯಾಮಕ್ಕೂ ಪುರಾವೆ ಇದೆ. ನೀರು ಮೈಯ ಭಾರ ಹೊರುತ್ತದೆ, ಬಿಸಿ ಸ್ನಾಯು ಸಡಿಲಿಸುತ್ತದೆ. ಅಂಥ ಕೊಳ ನಮ್ಮಲ್ಲಿ ಎಲ್ಲರ ಕೈಗೆ ಎಟುಕದು. ಬಿಸಿನೀರಿನ ಸ್ನಾನದ ಬಳಿಕ ಮೈ ಸಡಿಲವಿದ್ದಾಗ ಮೆಲ್ಲಗೆ ಕೈಕಾಲು ಆಡಿಸುವುದು ಎಲ್ಲರಿಗೂ ಸಾಧ್ಯ. ಚರ್ಮದ ಮೇಲೆ ಪಟ್ಟಿ ಅಂಟಿಸಿ ಮೃದುವಾದ ವಿದ್ಯುತ್ ಮಿಡಿತ ಕೊಡುವ ಟೆನ್ಸ್ ಯಂತ್ರವನ್ನು ಅಯೋವಾ ವಿಶ್ವವಿದ್ಯಾಲಯದವರು 301 ಹೆಂಗಸರ ಮೇಲೆ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಕೊಟ್ಟರು. ಓಡಾಡುವಾಗ ಆಗುವ ನೋವು ಇಳಿದಿತ್ತು. ನಡೆಯಲು ಹೆದರುವವರಿಗೆ ಆರಂಭದಲ್ಲಿ ಇದು ಊರುಗೋಲಾಗಬಲ್ಲದು. ಅಕ್ಯುಪಂಕ್ಚರ್‌ನ ಫಲಿತಾಂಶಗಳು ಮಾತ್ರ ಒಂದೇ ದಿಕ್ಕಿನಲ್ಲಿಲ್ಲ.

ಮನಸ್ಸನ್ನು ಕರೆತರುವುದು ಏಕೆ

ನೋವಿನ ಚಿಕಿತ್ಸೆಗೆ ಮನಶ್ಶಾಸ್ತ್ರಜ್ಞರ ಬಳಿ ಹೋಗಿ ಎಂದಾಗ ರೋಗಿಗೆ ಅವಮಾನವಾಗುತ್ತದೆ. ‘ಹಾಗಾದ್ರೆ ನನಗೆ ಹುಚ್ಚೇ?’ ಎಂಬ ಪ್ರಶ್ನೆ ಬರುತ್ತದೆ. ಹೆಬ್ಬೆರಳಿನ ಪ್ರಯೋಗವೇ ಅದಕ್ಕೆ ಉತ್ತರ. ನೋವನ್ನು ಏರಿಸುವ, ಇಳಿಸುವ ನರಮಾರ್ಗಗಳು ಮೆದುಳಿನಿಂದ ಹೊರಡುತ್ತವೆ. ಗಮನ, ಹೆದರಿಕೆ, ನಿರೀಕ್ಷೆಗಳನ್ನು ನಡೆಸುವ ಭಾಗಗಳಿಗೂ ಅವಕ್ಕೂ ನೇರ ಸಂಪರ್ಕವಿದೆ. ‘ಇನ್ನು ಮುಗಿಯಿತು, ನಾನು ಹಾಸಿಗೆ ಹಿಡಿಯುತ್ತೇನೆ’ ಎಂಬ ಆಲೋಚನೆ ಆ ಮಾರ್ಗದ ಮೂಲಕವೇ ನೋವನ್ನು ಏರಿಸುತ್ತದೆ.

ಅಂಥ ಆಲೋಚನೆಯನ್ನು ಹಿಡಿದು ಪರೀಕ್ಷಿಸಿ, ವರ್ತನೆಯನ್ನು ಹಂತಹಂತವಾಗಿ ಬದಲಿಸುವ ಚಿಕಿತ್ಸೆಗೆ ಸಿಬಿಟಿ ಎನ್ನುತ್ತಾರೆ. ಇದರ ಬಗೆಗಿನ 23 ಅಧ್ಯಯನಗಳನ್ನು ಕಾಕ್ರೇನ್ ವಿಮರ್ಶಕರು 2013ರಲ್ಲಿ ಒಟ್ಟುಗೂಡಿಸಿದರು. ಲಾಭ ಸಣ್ಣದು, ಆದರೆ ಚಿಕಿತ್ಸೆ ಮುಗಿದ ತಿಂಗಳುಗಳ ನಂತರವೂ ಉಳಿಯುವಂಥದ್ದು. ನೋವು ಪೂರ್ತಿ ಹೋಗಲೆಂದು ಕಾಯದೆ, ಅದು ಇದ್ದಂತೆಯೇ ತನಗೆ ಬೆಲೆಯುಳ್ಳ ಕೆಲಸಕ್ಕೆ ಮರಳುವುದನ್ನು ಕಲಿಸುವ ಇನ್ನೊಂದು ವಿಧಾನವಿದೆ. ಅದನ್ನು ಸ್ಮಾರ್ಟ್‌ಫೋನ್ ಆ್ಯಪ್‌ನಲ್ಲಿ ಅಳವಡಿಸಿ 275 ರೋಗಿಗಳ ಮೇಲೆ 12 ವಾರ ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದನ್ನು ಬಳಸಿದವರಲ್ಲಿ ಶೇ 71ರಷ್ಟು ಮಂದಿ ಒಟ್ಟಾರೆ ಸುಧಾರಿಸಿದ್ದೇವೆ ಎಂದರು. ರೋಗಲಕ್ಷಣ ಬರೆದಿಡುವ ಬರೀ ಆ್ಯಪ್ ಪಡೆದವರಲ್ಲಿ ಹಾಗೆಂದವರು ಶೇ 22. ನೋವಿಗೆಂದೇ ತರಬೇತಾದ ಮನಶ್ಶಾಸ್ತ್ರಜ್ಞರು ಸಿಗುವುದು ದೊಡ್ಡ ಊರುಗಳಲ್ಲಿ ಮಾತ್ರ. ಇಂಥದ್ದೊಂದು ಕನ್ನಡದಲ್ಲಿ ಬಂದರೆ ಚಿಕ್ಕ ಊರಿನ ರೋಗಿಗೂ ತಲುಪೀತು.

ಮನೆಯವರ ಪಾಲು, ವೈದ್ಯರ ಪಾಲು

ಅಳತೆ ಇಟ್ಟುಕೊಂಡು ನಡೆಯಲು ರೋಗಿಗೆ ಮನೆಯವರ ಒಪ್ಪಿಗೆ ಬೇಕು. ಬೆಳಗ್ಗೆ ಆರಕ್ಕೆ ಎದ್ದು ಎಲ್ಲರ ಡಬ್ಬಿ ಕಟ್ಟಬೇಕಾದ ಹೆಂಗಸು ‘ಇಪ್ಪತ್ತು ನಿಮಿಷ ಕೆಲಸ, ಐದು ನಿಮಿಷ ಕೂರುವುದು’ ಎಂಬ ನಿಯಮವನ್ನು ಒಬ್ಬಳೇ ಪಾಲಿಸಲಾರಳು. ತರಕಾರಿ ಹೆಚ್ಚುವುದನ್ನು ಕೂತು ಮಾಡಬಹುದು, ಬಟ್ಟೆಯನ್ನು ಮೂರು ದಿನಕ್ಕೆ ಹಂಚಬಹುದು, ಭಾರದ ಪಾತ್ರೆಯನ್ನು ಗಂಡನೋ ಮಗನೋ ಇಳಿಸಬಹುದು. ಎಲ್ಲವನ್ನೂ ಕಸಿದುಕೊಂಡು ‘ನೀನು ಮಲಗಿರು’ ಎನ್ನುವ ಅಕ್ಕರೆಯೂ ಕೆಡುಕೇ, ಏಕೆಂದರೆ ಮಲಗಿದಷ್ಟೂ ಸ್ನಾಯು ಸೊರಗುತ್ತದೆ. ನಂಬಬೇಕು, ಕೆಲಸ ಹಂಚಿಕೊಳ್ಳಬೇಕು, ದಿನದ ಆರು ನಿಮಿಷಕ್ಕೆ ಜೊತೆಯಾಗಬೇಕು.

ಈ ಚಿಕಿತ್ಸೆಗಳು ಫೈಬ್ರೊಮಯಾಲ್ಜಿಯಾವನ್ನು ಬೇರುಸಹಿತ ಕೀಳುವುದಿಲ್ಲ. ಒಬ್ಬರಿಗೆ ನಡಿಗೆ ಒಗ್ಗಿದರೆ ಇನ್ನೊಬ್ಬರಿಗೆ ಯೋಗ, ಮತ್ತೊಬ್ಬರಿಗೆ ಮೊದಲು ನಿದ್ದೆ ಸರಿಯಾಗಬೇಕು, ಹಲವರಿಗೆ ಔಷಧದ ಜೊತೆಯೂ ಬೇಕು. ಆದರೂ ಅತಿ ಚುರುಕಾದ ನರವ್ಯೂಹವನ್ನು ಮತ್ತೆ ಪಳಗಿಸಬಹುದು ಎಂಬುದು ಈಗ ಬರೀ ಭರವಸೆಯ ಮಾತಲ್ಲ, ಪರೀಕ್ಷೆಗೆ ನಿಂತು ಗೆದ್ದ ಮಾತು. ಪುಕ್ಕಟೆ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನು ಹಗುರವಾಗಿ ಕಾಣಬಾರದು. ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಗುಳಿಗೆಗಳಿಗಿಂತ ಮೇಲಿನ ಸಾಲಿನಲ್ಲಿ ಬರೆಯಬೇಕು: ದಿನಕ್ಕೆ ಆರು ನಿಮಿಷ ನಡಿಗೆ, ವಾರಕ್ಕೆ ಒಂದು ನಿಮಿಷ ಹೆಚ್ಚು, ಎರಡು ದಿನ ನೋವು ಉಳಿದರೆ ಒಂದು ಮೆಟ್ಟಿಲು ಕೆಳಗೆ, ಏಳುವ ಹೊತ್ತು ದಿನವೂ ಒಂದೇ, ನಾಲ್ಕು ವಾರ ಬಿಟ್ಟು ಬಂದು ತೋರಿಸಿ. ಹೀಗೆ ಬರೆದುಕೊಡಲು ವೈದ್ಯರಿಗೆ ಐದು ನಿಮಿಷ ಹೆಚ್ಚು ಬೇಕಾದೀತು. ಆ ಐದು ನಿಮಿಷವನ್ನು ಕೇಳಿ ಪಡೆಯುವ ಹಕ್ಕು ಪ್ರತಿ ರೋಗಿಗೂ ಇದೆ.